ಕಳ್ಳನ ಭಯಕ್ಕೆಷ್ಟು, ಕರೆಂಟಿನ ಭಯಕ್ಕೆಷ್ಟು?

ಬೆಂಗಳೂರಿನಲ್ಲಿ ಯಾರದಾದರೂ ಹೊಸ ಮನೆಯ ಗೃಹಪ್ರವೇಶಕ್ಕೆ ಹೋಗಿ ನೋಡಿ. ಊಟಕ್ಕೆ ಕೂರುವ ಮೊದಲು ಮನೆ ತೋರಿಸುವ ಕಾರ್ಯಕ್ರಮ ಒಂದು ಇದ್ದೇ ಇರುತ್ತೆ. ತೇಗದ ಬಾಗಿಲು, ಬೆರಳಿಟ್ಟರೆ ತೆರೆಯುವ ಬೀಗ, ಅದರ ಮುಂದೆ ಇನ್ನೊಂದು ಕಬ್ಬಿಣದ ಬಾಗಿಲು, ಪ್ರತಿ ಕಿಟಕಿಗೂ ದಪ್ಪ ಸರಳಿನ ಗ್ರಿಲ್ಲು, ಬಾಲ್ಕನಿಗೆ ಮೇಲಿಂದ ಕೆಳಗಿನವರೆಗೆ ಪಂಜರ, ಕಾಂಪೌಂಡಿನ ಮೇಲೆ ಒಡೆದ ಗಾಜು, ಆರೋ ಎಂಟೋ ಸಿಸಿಟಿವಿ ಕ್ಯಾಮೆರಾ. "ಆಫೀಸಲ್ಲಿ ಕೂತೇ ಎಲ್ಲಾ ನೋಡಬಹುದು" ಅಂತ ಯಜಮಾನರು ಮೊಬೈಲ್ ತೆಗೆದು ನಮ್ಮನ್ನು ನಮಗೇ ತೋರಿಸ್ತಾರೆ. ನಾವೂ ಕ್ಯಾಮೆರಾಕ್ಕೊಂದು ನಗು ಕೊಟ್ಟು ಊಟಕ್ಕೆ ಹೋಗ್ತೀವಿ :-)

ಇತ್ತೀಚೆಗೆ ನನಗೊಂದು ಚಾಳಿ ಅಂಟಿಕೊಂಡಿದೆ. ಇಷ್ಟೆಲ್ಲ ನೋಡಿದ ಮೇಲೆ ಮೆಲ್ಲಗೆ ಕರೆಂಟಿನ ಡಿಬಿ ಬಾಕ್ಸ್ ತೆಗೆದು ನೋಡೋದು. ಅಲ್ಲಿ ಎಂಸಿಬಿಗಳು ಸಾಲಾಗಿ ನಿಂತಿರುತ್ತವೆ. ಆದರೆ ನಾನು ಹುಡುಕುವ ಸಾಮಾನು ಎಷ್ಟೋ ಮನೆಗಳಲ್ಲಿ ಇರೋದೇ ಇಲ್ಲ. "ಆರ್‌ಸಿಸಿಬಿ ಹಾಕ್ಸಿಲ್ವಾ ಸಾರ್?" ಅಂದರೆ "ಎಲ್ಲಾ ಎಂಸಿಬಿ ಹಾಕ್ಸಿದೀವಲ್ಲ, ಸಾಕಾಗಲ್ವಾ?" ಅನ್ನೋ ಉತ್ತರ ಬರುತ್ತೆ.

ಸಾಕಾಗಲ್ಲ. ಎಂಸಿಬಿ ಇರೋದು ವೈರನ್ನು ಕಾಯೋದಕ್ಕೆ. ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ಅದು ಬೀಳುತ್ತೆ. ಹತ್ತೋ ಹದಿನಾರೋ ಆಂಪಿಯರ್ ದಾಟುವವರೆಗೂ ಅದು ಸುಮ್ಮನಿರುತ್ತೆ. ಮನುಷ್ಯನ ಹೃದಯ ನಿಲ್ಲೋದಕ್ಕೆ ಅಷ್ಟೆಲ್ಲ ಬೇಕಿಲ್ಲ, ಒಂದು ಆಂಪಿಯರಿನ ಹತ್ತನೇ ಒಂದು ಭಾಗ ಸಾಕು. ಗೀಸರಿನ ಕಾಯಿಲ್ ಹಾಳಾಗಿ ನೀರಿಗೆ ಕರೆಂಟ್ ಇಳಿದಾಗ, ಫ್ರಿಜ್ಜಿನ ಮೈಗೆ ಕರೆಂಟ್ ಬಂದಾಗ, ಮಗು ಪ್ಲಗ್ಗಿಗೆ ಕಡ್ಡಿ ಹಾಕಿದಾಗ ಎಂಸಿಬಿಗೆ ಗೊತ್ತೇ ಆಗದಿರಬಹುದು. ಆರ್‌ಸಿಸಿಬಿ ಕೆಲಸ ಬೇರೆ. ಹೋದ ಕರೆಂಟೂ ವಾಪಸ್ ಬಂದ ಕರೆಂಟೂ ಸಮ ಇದೆಯಾ ಅಂತ ಅದು ನೋಡ್ತಾನೇ ಇರುತ್ತೆ. ಮನೆಗಳಿಗೆ ಹಾಕುವ ಮಾದರಿ 30 ಮಿಲಿ ಆಂಪಿಯರ್ ಸೋರಿದರೆ ಸಾಕು, ಕಣ್ಣು ಮಿಟುಕಿಸೋದ್ರೊಳಗೆ ಕರೆಂಟ್ ತೆಗೆದುಬಿಡುತ್ತೆ. ಅದೇನೂ ದೇವರಲ್ಲ. ಒಂದು ಕೈಯಲ್ಲಿ ಫೇಸು, ಇನ್ನೊಂದರಲ್ಲಿ ನ್ಯೂಟ್ರಲ್ಲು ಹಿಡಿದು ನಿಂತರೆ ಅದಕ್ಕೂ ಗೊತ್ತಾಗಲ್ಲ. ಆದರೂ ಎರಡು-ಮೂರು ಸಾವಿರ ರೂಪಾಯಿಗೆ ಇಡೀ ಮನೆಯವರನ್ನು ಕಾಯುವ ಇಂಥ ಇನ್ನೊಂದು ಸಾಮಾನು ನನಗಂತೂ ಕಂಡಿಲ್ಲ.

ಮುಂಬಾಗಿಲ ಬೀಗಕ್ಕೇ ಹದಿನೈದು ಸಾವಿರ ಕೊಟ್ಟವರ ಮನೆಯಲ್ಲಿ ಇದಕ್ಕೆ ಮೂರು ಸಾವಿರ ಯಾಕೆ ಹುಟ್ಟಲಿಲ್ಲ ಅನ್ನೋದೇ ನನ್ನ ಪ್ರಶ್ನೆ. ಜಿಪುಣತನ ಅಂತೂ ಅಲ್ಲ.

ಒಂದೆರಡು ಅಂಕಿ ಕೊಡ್ತೀನಿ, ಬೇಜಾರಾಗಬೇಡಿ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಲ್ಲಿ 2022ರಲ್ಲಿ ನಮ್ಮ ದೇಶದಲ್ಲಿ ನಡೆದ ಕೊಲೆಗಳು 28,522. ಇದರಲ್ಲಿ ಸುಮಾರು ಹತ್ತು ಸಾವಿರ ಕೊಲೆಗೆ ಕಾರಣ ಜಗಳ, ತಂಟೆ-ತಕರಾರು. ಆಮೇಲಿನದ್ದು ಹಳೇ ದ್ವೇಷ. ಹಣಕ್ಕೋ ಒಡವೆಗೋ ಆಸೆಪಟ್ಟು, ಅಂದರೆ ಲಾಭಕ್ಕಾಗಿ, ನಡೆದವು ಎರಡು ಸಾವಿರಕ್ಕಿಂತ ಕಮ್ಮಿ. ಅದೇ ಬ್ಯೂರೋದ ಅಪಘಾತ ಸಾವುಗಳ ಪಟ್ಟಿಯಲ್ಲಿ ಕರೆಂಟ್ ಹೊಡೆದು ಸತ್ತವರು ವರ್ಷಕ್ಕೆ 12 ಸಾವಿರಕ್ಕೂ ಮೇಲೆ. ಇನ್ನು ರಸ್ತೆ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ರಸ್ತೆಯಲ್ಲಿ ಸತ್ತವರು 1,68,491. ಹೆಲ್ಮೆಟ್ ಇಲ್ಲದೆ ಸತ್ತವರೇ 50,029, ಅದರಲ್ಲಿ ಹಿಂದೆ ಕೂತವರು ಹದಿನಾಲ್ಕು ಸಾವಿರದಷ್ಟು.

ಈ ಹೋಲಿಕೆ ಪೂರ್ತಿ ಸರಿಸಮ ಅಲ್ಲ, ಒಪ್ಪಿದೆ. ಕರೆಂಟಿನ ಸಾವುಗಳೆಲ್ಲ ಮನೆಯೊಳಗೇ ಆಗಲ್ಲ, ಹೊಲದ ಪಂಪ್‌ಸೆಟ್ ಹತ್ತಿರ, ಕಂಬದ ಮೇಲೂ ಆಗುತ್ತೆ. ಕಳ್ಳತನದಲ್ಲಿ ಜೀವ ಹೋಗದಿದ್ದರೂ ಒಡವೆ ಹೋಗುತ್ತೆ, ನೆಮ್ಮದಿ ಹೋಗುತ್ತೆ. ಆದರೂ ನಮ್ಮ ಮನೆಯವರ ಜೀವಕ್ಕೆ ಅಪಾಯ ಎಲ್ಲಿಂದ ಬರುತ್ತೆ ಅನ್ನೋದರ ದಿಕ್ಕಂತೂ ಗೊತ್ತಾಗುತ್ತಲ್ಲ? ಅದು ಹೆಚ್ಚಾಗಿ ಕಾಂಪೌಂಡ್ ಹಾರಿ ಬರಲ್ಲ. ಬಚ್ಚಲಲ್ಲಿ, ಅಡುಗೆಮನೆಯಲ್ಲಿ, ಸಂಪಿನಲ್ಲಿ ಕೂತಿರುತ್ತೆ. ಇಲ್ಲಾ ದಿನಾ ಬೆಳಿಗ್ಗೆ ನಾವೇ ಕಿಕ್ ಹೊಡೆದು ಸ್ಟಾರ್ಟ್ ಮಾಡ್ತೀವಿ.

ಕಳ್ಳನಿಗೆ ಒಂದು ಮುಖ ಇದೆ, ಅದೇ ವ್ಯತ್ಯಾಸ. ಮುಸುಕು ಹಾಕಿಕೊಂಡು, ಕೈಯಲ್ಲಿ ರಾಡು ಹಿಡಿದು, ರಾತ್ರಿ ಎರಡು ಗಂಟೆಗೆ ಬರುವ ಅವನನ್ನು ಟಿವಿಯಲ್ಲಿ ನೋಡಿದೀವಿ, ಪೇಪರಲ್ಲಿ ಓದಿದೀವಿ. ಸಿಕ್ಕಿದರೆ ನಾಲ್ಕು ಬಾರಿಸಬೇಕು ಅನ್ನೋ ಸಿಟ್ಟೂ ಬರುತ್ತೆ. ಗ್ಯಾಸ್ ಗೀಸರಿನಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಮುಖ ಎಲ್ಲಿದೆ? ಬಣ್ಣ ಇಲ್ಲ, ವಾಸನೆ ಇಲ್ಲ. ಸಿಲಿಂಡರ್ ಗ್ಯಾಸಿಗಾದರೆ ಸೋರಿದ್ದು ಗೊತ್ತಾಗಲಿ ಅಂತ ಕೆಟ್ಟ ವಾಸನೆ ಬೆರೆಸಿರ್ತಾರೆ. ಆದರೆ ಅದು ಗಾಳಿಯಾಡದ ಬಚ್ಚಲಲ್ಲಿ ಅರೆಬರೆ ಉರಿದಾಗ ಹುಟ್ಟುವ ಈ ವಿಷಕ್ಕೆ ಅದೂ ಇಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗ ಇದು ಹಿಡಿದುಕೊಂಡುಬಿಡುತ್ತೆ. ಸ್ನಾನಕ್ಕೆ ಹೋದವರಿಗೆ ಸ್ವಲ್ಪ ತಲೆ ಸುತ್ತಿದ ಹಾಗಾಗುತ್ತೆ, ಕೂತ್ಕೊತಾರೆ. ಅಷ್ಟೇ. ಗೀಸರನ್ನು ಬಚ್ಚಲಿನ ಹೊರಗೆ ಗೋಡೆಗೆ ಹಾಕಿಸಿ, ಪೈಪಿನಲ್ಲಿ ನೀರು ಒಳಗೆ ತಂದರೆ ಮುಗೀತು. ಅದಕ್ಕೆ ಪ್ಲಂಬರಿನ ಒಂದು ದಿನದ ಕೂಲಿ ಸಾಕು. ಆದರೆ ಮುಖ ಇಲ್ಲದ ಅಪಾಯಕ್ಕೆ ದುಡ್ಡು ಬಿಚ್ಚೋಕೆ ಕೈ ಮುಂದೆ ಬರಲ್ಲ.

ಹಾಗಾದರೆ ಲೆಕ್ಕ ಹಾಕೋದು ಹೇಗೆ? ನಾನು ನಾಲ್ಕು ಪ್ರಶ್ನೆ ಇಟ್ಕೊಂಡಿದೀನಿ.

ಒಂದು, ಇದು ನಿಜವಾಗಲೂ ಎಷ್ಟು ಸಲ ಆಗುವಂಥದ್ದು?
ಎರಡು, ಆದರೆ ಹೋಗೋದೇನು? ಹೋದದ್ದನ್ನು ಮತ್ತೆ ತರಬಹುದಾ?
ಮೂರು, ತಡೆಯೋಕೆ ಎಷ್ಟು ಖರ್ಚು? ದುಡ್ಡು ಮಾತ್ರ ಅಲ್ಲ, ದಿನನಿತ್ಯದ ಕಿರಿಕಿರಿ, ನೆಮ್ಮದಿ, ಮರ್ಯಾದೆ ಎಲ್ಲಾ ಸೇರಿಸಿ.
ನಾಲ್ಕು, ಈ ಕಾವಲು ಹೊಸದಾಗಿ ಯಾವ ಅಪಾಯ ತರುತ್ತೆ?

ಮೊದಲ ಪ್ರಶ್ನೆ ಎಲ್ಲರೂ ಕೇಳ್ತಾರೆ. ನನಗೆ ಮುಖ್ಯ ಅನ್ನಿಸೋದು ಎರಡನೇದು ಮತ್ತು ನಾಲ್ಕನೇದು.

ಎರಡನೇದು ತಗೊಳ್ಳಿ. ಟಿವಿ ಹೋದರೆ ಇನ್ನೊಂದು ಬರುತ್ತೆ. ಲ್ಯಾಪ್‌ಟಾಪ್ ಹೋದರೂ ಅಷ್ಟೆ (ಅದರೊಳಗಿನ ಫೋಟೋಗಳಿಗೆ ಇನ್ನೊಂದು ಕಾಪಿ ಇದ್ದರೆ). ಮತ್ತೆ ತರಬಹುದಾದ ವಸ್ತುವಿಗೆ ಕೋಟೆ ಕಟ್ಟೋದಕ್ಕಿಂತ ವಿಮೆ ಮಾಡಿಸೋದು ಅಗ್ಗ. 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ 'ಭಾರತ್ ಗೃಹ ರಕ್ಷಾ' ಅನ್ನೋ ಒಂದೇ ನಮೂನೆಯ ಪಾಲಿಸಿ ಕೊಡಬೇಕು ಅಂತ ವಿಮಾ ಪ್ರಾಧಿಕಾರ ಮಾಡಿದೆ. ಬೆಂಕಿ, ನೆರೆ, ಭೂಕಂಪ, ಭೂಕುಸಿತ ಎಲ್ಲಾ ಅದರಲ್ಲಿ ಬರುತ್ತೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಶೇಕಡ 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಒಳಗಿನ ಸಾಮಾನಿಗೂ ತಾನಾಗೇ ಸೇರುತ್ತೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿ ಮನೆಗಳು ಮಣ್ಣಾಗಿದ್ದನ್ನು ನಾವೆಲ್ಲ ನೋಡಿದೀವಿ. ಆದರೂ ಕಾರಿಗೆ ವಿಮೆ ಕಟ್ಟುವ ನಮಗೆ, ಕಾರಿನ ಹತ್ತುಪಟ್ಟು ಬೆಲೆಯ ಮನೆಗೆ ಕಟ್ಟಬೇಕು ಅನ್ನಿಸಲ್ಲ. ಒಂದು ವಿಷಯ ನೆನಪಿರಲಿ, ಈ ಪಾಲಿಸಿಯಲ್ಲಿ ಬರೀ ಕಳ್ಳತನ ಸೇರಲ್ಲ. ಬೆಂಕಿ-ನೆರೆಯಂಥದ್ದು ಆಗಿ, ಅದರಿಂದಾಗಿ ಏಳು ದಿನದೊಳಗೆ ಕಳವಾದರೆ ಮಾತ್ರ ಉಂಟು. ಕಳ್ಳತನಕ್ಕೆ ಬೇರೆ ಪಾಲಿಸಿ ಕೇಳಿ ತಗೋಬೇಕು.

ಒಡವೆ ಬ್ಯಾಂಕ್ ಲಾಕರಿನಲ್ಲಿದೆ, ನಿಶ್ಚಿಂತೆ ಅನ್ನುವವರಿಗೂ ಒಂದು ಮಾತು. 2022ರ ಜನವರಿ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಬೆಂಕಿ, ಕಳ್ಳತನ, ದರೋಡೆ, ಕಟ್ಟಡ ಕುಸಿತ, ಸಿಬ್ಬಂದಿಯ ವಂಚನೆ ಇಂಥದ್ದಾದರೆ ಬ್ಯಾಂಕಿನ ಹೊಣೆ ಲಾಕರಿನ ವರ್ಷದ ಬಾಡಿಗೆಯ ನೂರು ಪಟ್ಟಿನವರೆಗೆ. ಮೂರು ಸಾವಿರ ಬಾಡಿಗೆ ಇದ್ದರೆ ಮೂರು ಲಕ್ಷ. ಈಗಿನ ಚಿನ್ನದ ರೇಟಿಗೆ ಅದು ಎಷ್ಟು ಗ್ರಾಮ್ ಅಂತ ನೀವೇ ನೋಡ್ಕೊಳ್ಳಿ. ಹಾಗಂತ ಲಾಕರ್ ಬೇಡ ಅನ್ನಲ್ಲ. ಎಲ್ಲಾ ಒಡವೆ ಒಂದೇ ಕಡೆ ಇಟ್ಟು ನಿದ್ದೆ ಹೋಗೋದು ಬೇಡ ಅಂತ ಅಷ್ಟೇ.

ಈಗ ನಾಲ್ಕನೇ ಪ್ರಶ್ನೆಗೆ ಬರ್ತೀನಿ. ಕಾವಲೇ ಅಪಾಯ ತರೋದು.

ಕಿಟಕಿ-ಬಾಲ್ಕನಿಯ ಗ್ರಿಲ್ಲನ್ನೇ ನೋಡಿ. ಕಳ್ಳ ಒಳಗೆ ಬರಬಾರದು ಅಂತ ಹಾಕಿದ ಸರಳು ಬೆಂಕಿ ಬಿದ್ದಾಗ ನಾವು ಹೊರಗೆ ಹೋಗೋದನ್ನೂ ತಡೆಯುತ್ತೆ. ಅಡುಗೆಮನೆ ಮುಂಬಾಗಿಲ ಪಕ್ಕದಲ್ಲಿರುವ ಫ್ಲ್ಯಾಟುಗಳೇ ಜಾಸ್ತಿ. ಅಲ್ಲಿ ಹೊತ್ತಿಕೊಂಡರೆ ರೂಮಿನಲ್ಲಿ ಮಲಗಿದವರಿಗೆ ದಾರಿ ಯಾವುದು? ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಬೆಂಕಿ ಬಿದ್ದು ಒಂಬತ್ತು ಜನ ಸತ್ತರು. ಹೊಗೆ ತಾಳಲಾರದೆ ಮೇಲಿಂದ ಹಾರಿದವರೂ ಅವರಲ್ಲಿದ್ದರು. ತುರ್ತು ಬಾಗಿಲುಗಳಿಗೆ ಬೀಗ ಬಿದ್ದಿತ್ತು ಅನ್ನೋದು ಆಗ ದೊಡ್ಡ ಸುದ್ದಿಯಾಯ್ತು. ಅದು ಆಫೀಸುಗಳ ಕಟ್ಟಡ, ನಮ್ಮನೆ ಅಲ್ಲ, ನಿಜ. ಆದರೆ ಬೀಗ ಅದೇ ತಾನೆ? ಗ್ರಿಲ್ಲು ತೆಗೆಸಿ ಅಂತ ನಾನು ಹೇಳ್ತಾ ಇಲ್ಲ. ಒಂದು ಕಿಟಕಿಯ ಗ್ರಿಲ್ಲಿಗೆ ಒಳಗಿನಿಂದ ತೆಗೆಯುವಂತೆ ಬಾಗಿಲು ಮಾಡಿಸಿ, ಕೀಲಿ ಮನೆಯವರೆಲ್ಲರಿಗೂ ಗೊತ್ತಿರುವ ಮೊಳೆಗೆ ನೇತುಹಾಕಿ. ವೆಲ್ಡಿಂಗ್ ಅಂಗಡಿಯವನಿಗೆ ಅದು ಅರ್ಧ ದಿನದ ಕೆಲಸ.

ಹಳ್ಳಿ ಕಡೆ ಇದಕ್ಕಿಂತ ಘೋರವಾದ ಉದಾಹರಣೆ ಇದೆ. ಕಾಡುಹಂದಿ, ಆನೆ ಬಂದು ಫಸಲು ಹಾಳುಮಾಡುತ್ತೆ. ವರ್ಷದ ದುಡಿಮೆ ಒಂದು ರಾತ್ರಿಗೆ ಮಣ್ಣುಪಾಲಾದವನ ಸಂಕಟ ನಾವು ಕೀಬೋರ್ಡ್ ಕುಟ್ಟುವವರಿಗೆ ಸುಲಭಕ್ಕೆ ಅರ್ಥ ಆಗಲ್ಲ. ಸರಿಯಾದ ಸೋಲಾರ್ ಬೇಲಿ (ನಮ್ಮ ಕಡೆ ಐಬೆಕ್ಸ್ ಬೇಲಿ ಅಂತಾರೆ) ಸೆಕೆಂಡಿಗೊಮ್ಮೆ ಕ್ಷಣಮಾತ್ರದ ಹೊಡೆತ ಕೊಡುತ್ತೆ. ಮುಟ್ಟಿದ ಪ್ರಾಣಿ ಬೆಚ್ಚಿ ಓಡುತ್ತೆ, ಸಾಯಲ್ಲ. ಅದಕ್ಕೆ ದುಡ್ಡಾಗುತ್ತೆ ಅಂತ ಕೆಲವರು ಲೈನಿನಿಂದ ನೇರ ತಂತಿ ಎಳೆದು ಬೇಲಿಗೆ ಸಿಕ್ಕಿಸಿಬಿಡ್ತಾರೆ. ಅದು ಬಿಡುವು ಕೊಡದೆ ಹರಿಯುವ ಕರೆಂಟು. ಹಿಡಿದ ಕೈ ಸೆಟೆದುಕೊಂಡು ಬಿಡೋಕೇ ಆಗಲ್ಲ. ಹಂದಿಗೆ ಇಟ್ಟದ್ದಕ್ಕೆ ಆನೆ ಸಾಯುತ್ತೆ, ದಾರಿಹೋಕರು ಸಾಯ್ತಾರೆ, ಬೆಳಿಗ್ಗೆ ಸ್ವಿಚ್ ತೆಗೆಯೋದು ಮರೆತು ಹೊಲಕ್ಕೆ ಹೋದ ಮನೆಯವರೇ ಸಾಯ್ತಾರೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅನ್ನೋ ಗಾದೆ ಇಲ್ಲಿ ಅಕ್ಷರಶಃ ನಡೆಯುತ್ತೆ. ಕಾಯಬೇಕಾಗಿದ್ದ ಫಸಲಿನ ಬೆಲೆ ಎಷ್ಟು, ಕಾವಲಿಗೆ ತೆತ್ತದ್ದು ಎಷ್ಟು?

ಇನ್ನು ಕ್ಯಾಮೆರಾ. ಗೇಟಿನ ಹತ್ತಿರ, ಮೆಟ್ಟಿಲ ಹತ್ತಿರ ಒಂದೆರಡು ಇರಲಿ, ತಪ್ಪಿಲ್ಲ. ಈಗೀಗ ಅಡುಗೆಮನೆಗೂ ಬಂದಿದೆ, ಕೆಲಸದಾಕೆಯನ್ನು ನೋಡೋಕೆ. ಹತ್ತು ವರ್ಷದಿಂದ ಮನೆ ಒರೆಸಿ, ಮಗುವಿಗೆ ಊಟ ಮಾಡಿಸಿದಾಕೆಯ ತಲೆಯ ಮೇಲೆ ಒಂದು ದಿನ ಸೂರಿಗೆ ಕಣ್ಣು ಅಂಟಿಸಿದರೆ ಆಕೆಗೆ ಏನನ್ನಿಸುತ್ತೆ? ಒಂದು ಡಬ್ಬಿ ಸಕ್ಕರೆ ಕಡಿಮೆಯಾಗೋದು ನಿಲ್ಲಬಹುದು. ಮನೆಗೆ ಹೊಗೆ ತುಂಬಿದಾಗ ನಮ್ಮ ಮಗುವನ್ನು ಎತ್ತಿಕೊಂಡು ಓಡಬೇಕಾದವಳೂ ಅವಳೇ ಅನ್ನೋದು ಆ ಲೆಕ್ಕದಲ್ಲಿ ಎಲ್ಲೂ ಬರೆದಿರಲ್ಲ. ಅದೂ ಅಲ್ಲದೆ ಕಂಪನಿಯವನು ಕೊಟ್ಟ ಪಾಸ್‌ವರ್ಡನ್ನೇ ಹಾಗೇ ಬಿಟ್ಟ ಕ್ಯಾಮೆರಾ ನಮ್ಮನೆ ಮಲಗುವ ಕೋಣೆಯನ್ನು ಯಾರಿಗೆ ಬೇಕಾದರೂ ತೋರಿಸುತ್ತೆ.

ಇಷ್ಟು ಹೊತ್ತು ಬೇರೆಯವರ ಮನೆ ವಿಷಯವಾಯ್ತು. ಈ ಲೆಕ್ಕ ನಮ್ಮನೆಗೇ ಬಂದಿದ್ದು ಅಪ್ಪನ ವಿಷಯದಲ್ಲಿ.

ಅಮ್ಮ ಹೋದ ಮೇಲೆ ಅಪ್ಪ ಊರಲ್ಲಿ ಒಬ್ಬರೇ ಇದ್ದಾರೆ. ಮಲೆನಾಡಿನ ಒಂಟಿ ಮನೆ, ಕೆಳಗೆ ಎರಡು ಎಕರೆ ಅಡಿಕೆ ತೋಟ, ಪಕ್ಕದ ಮನೆ ಕೂಗಳತೆಗಿಂತ ಸ್ವಲ್ಪ ದೂರ. ವಯಸ್ಸು ಎಪ್ಪತ್ತಾರು. ಮೈಸೂರಲ್ಲಿರುವ ಅಕ್ಕನಿಗೆ ಇದೇ ಚಿಂತೆ. "ಪೇಪರ್ ನೋಡ್ತೀಯೋ ಇಲ್ವೋ? ಒಂಟಿ ಮುದುಕರು ಅಂತ ಗೊತ್ತಾದ್ರೆ ನುಗ್ತಾರೆ ಕಣೋ. ನೀನು ಹೇಳಿ ಕರ್ಕೊಂಡ್ ಬಾ, ಇಲ್ಲಾ ಮನೆ ತುಂಬಾ ಕ್ಯಾಮೆರಾ ಹಾಕ್ಸು" ಅಂತ ದಿನಾ ಫೋನು. ಅಪ್ಪನದು ಒಂದೇ ಮಾತು, "ನನ್ನ ಕಾಯೋಕೆ ಅಂತ ನನ್ನನ್ನೇ ಕಟ್ಟಿ ಹಾಕ್ತೀರೇನೋ ಮಾರಾಯ? ನಿಮ್ಮ ಮೂರನೇ ಮಹಡೀಲಿ ಕೂತು ನಾನೇನು ಲಿಫ್ಟ್ ಎಣಿಸ್ಲಾ?"

ಇಬ್ಬರದೂ ಸುಳ್ಳಲ್ಲ. ಅಕ್ಕನ ಹೆದರಿಕೆ ಪ್ರೀತಿಯಿಂದ ಬಂದದ್ದು. ಆದರೆ ಅಪ್ಪ ಆ ಮನೆಯಲ್ಲಿ ಒಂದು ದಿನಕ್ಕೆ ಏನೇನು ಮಾಡ್ತಾರೆ ಅಂತ ಬೆಳಿಗ್ಗೆಯಿಂದ ರಾತ್ರಿವರೆಗೆ ಬರೆದು ನೋಡಿದೆ. ಕತ್ತಲಲ್ಲಿ ಅಂಗಳ ದಾಟಿ ಬಚ್ಚಲಿಗೆ ಹೋಗ್ತಾರೆ. ಬಚ್ಚಲ ಕಲ್ಲು ಪಾಚಿಗಟ್ಟಿ ಜಾರುತ್ತೆ. ಸೆಕೆಗೆ ಜಗಲಿಯ ಮೇಲೆ ಚಾಪೆ ಹಾಸಿ ಮಲಗ್ತಾರೆ. ತೋಟದ ಮೋಟಾರಿನ ಸ್ವಿಚ್ಚು ಒದ್ದೆ ಗೋಡೆಯ ಮೇಲಿದೆ. ಕಟ್ಟಿಗೆ ರಾಶಿಗೆ ಕೈ ಹಾಕ್ತಾರೆ. ಇವುಗಳ ಮುಂದೆ ಕಳ್ಳ ಎಷ್ಟನೇ ನಂಬರಿನವನು?

ಹಾವಿನದ್ದೇ ಹೇಳ್ತೀನಿ. 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಅಂದಾಜಿನಂತೆ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58 ಸಾವಿರ. ಮುಕ್ಕಾಲುವಾಸಿ ಹಳ್ಳಿಯವರು. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ. ಕಟ್ಟುಹಾವು ರಾತ್ರಿ ಹೊತ್ತು ನೆಲದಲ್ಲಿ ಮಲಗಿದವರ ಹಾಸಿಗೆಗೇ ಬರುತ್ತೆ. ಕಚ್ಚಿದ್ದು ಸೊಳ್ಳೆ ಕಚ್ಚಿದಷ್ಟೂ ಗೊತ್ತಾಗದಿರಬಹುದು, ಬೆಳಗಿನ ಜಾವ ಹೊಟ್ಟೆನೋವು ಅಂತ ಏಳ್ತಾರೆ. ಇದಕ್ಕೆ ಕ್ಯಾಮೆರಾ ಏನು ಮಾಡುತ್ತೆ? ಮಂಚ ಮತ್ತು ಹಾಸಿಗೆಯ ಅಡಿಗೆ ಸಿಕ್ಕಿಸಿದ ಸೊಳ್ಳೆಪರದೆ ಮಾಡುತ್ತೆ.

ಕೊನೆಗೆ ನಾವು ಮಾಡಿದ್ದಿಷ್ಟು. ಜಗಲಿಗೆ ಒಂದು ಮಂಚ, ಪರದೆ. ಅಂಗಳದಿಂದ ಬಚ್ಚಲವರೆಗೆ ಎರಡು ಬಲ್ಬು. ಬಚ್ಚಲ ಕಲ್ಲಿಗೆ ಒರಟು ಸಿಮೆಂಟು, ಗೋಡೆಗೆ ಹಿಡಿದುಕೊಳ್ಳುವ ಸರಳು. ಮನೆಗೂ ಮೋಟಾರಿಗೂ ಆರ್‌ಸಿಸಿಬಿ. ಜೇಬಿಗೆ ಟಾರ್ಚು. ಹಾವಿನ ಔಷಧಿ ಸ್ಟಾಕ್ ಇರುವ ಆಸ್ಪತ್ರೆ ಯಾವುದು ಅಂತ ವಿಚಾರಿಸಿ, ಅದರ ನಂಬರನ್ನೂ ಜೀಪಿನವರ ನಂಬರನ್ನೂ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದದ್ದು. ಮುಂಬಾಗಿಲಿಗೆ ಒಂದು ಗಟ್ಟಿ ಅಗುಳಿ, ಅದು ಅಕ್ಕನ ನೆಮ್ಮದಿಗೆ. ಇನ್ನೊಂದಕ್ಕೆ ದುಡ್ಡೇ ಬೇಕಾಗಲಿಲ್ಲ. ಬೆಳಿಗ್ಗೆ ಏಳರೊಳಗೆ ನಮ್ಮನೆ ಜಗಲಿಯ ಬಾಗಿಲು ತೆಗೆದಿರದಿದ್ದರೆ ಪಕ್ಕದ ಮನೆಯವರು ಬಂದು ನೋಡೋದು, ಅವರದು ತೆಗೆದಿರದಿದ್ದರೆ ಅಪ್ಪ ಹೋಗಿ ನೋಡೋದು. ಒಟ್ಟು ಖರ್ಚು ಕ್ಯಾಮೆರಾದವನು ಹೇಳಿದ ರೇಟಿಗಿಂತ ಕಡಿಮೆಯೇ ಆಯ್ತು.

ಅಪಾಯ ಪೂರ್ತಿ ಹೋಯ್ತಾ? ಇಲ್ಲ. ಒಂದು ದಿನ ಫೋನ್ ಬಂದರೆ ಅಕ್ಕ ನನ್ನನ್ನು "ಅವತ್ತೇ ಹೇಳಿದ್ದೆ" ಅನ್ನಬಹುದು. ಅದನ್ನೂ ಲೆಕ್ಕಕ್ಕೆ ತಗೊಂಡೇ ತೀರ್ಮಾನ ಮಾಡಿದ್ದು. ಬೆಂಗಳೂರಿಗೆ ಕರೆತಂದರೆ ಕಳ್ಳ, ಹಾವು ಎರಡರ ಭಯವೂ ಹೋಗುತ್ತಿತ್ತು. ಆದರೆ ತೋಟಕ್ಕೆ ಹೋಗೋದು, ಸಂಜೆ ಎಲೆಯಡಿಕೆ ಹಾಕ್ಕೊಂಡು ಜಗಲಿಯಲ್ಲಿ ಕೂರೋದು, ಬಂದವರಿಗೆ "ಬಾ, ಕೂತ್ಕೊ" ಅನ್ನೋದು ಇದೆಲ್ಲ ಕಳೆದ ಮೇಲೆ ಉಳಿಯುವ ಅಪ್ಪ ಎಷ್ಟು? ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಹಾಗಾಗುತ್ತಿತ್ತು. ಕಾಯಬೇಕಾಗಿದ್ದು ಅಪ್ಪನ ಜೀವವನ್ನು ಮಾತ್ರವಲ್ಲ, ಜೀವನವನ್ನೂ ಅಂತ ನಾನು ತಿಳ್ಕೊಂಡಿದೀನಿ. ಮುಂದೆ ಕೈಕಾಲು ಬಿದ್ದಾಗ ಲೆಕ್ಕ ಬದಲಾಗುತ್ತೆ. ಅವತ್ತು ಮತ್ತೆ ಕೂತು ಹಾಕೋಣ.

ಇಷ್ಟು ಓದಿದವರು "ಅಂಕಿ-ಅಂಶ ಹೇಳಿದ್ರೆ ಭಯ ಹೋಗುತ್ತೇನ್ರೀ? ರಾತ್ರಿ ಒಬ್ಬಳೇ ಮಲಗಿ ನೋಡಿ" ಅನ್ನಬಹುದು. ನ್ಯಾಯವಾದ ಮಾತು. ಭಯಕ್ಕೂ ಬೆಲೆ ಇದೆ, ನಿದ್ದೆಗೂ ಬೆಲೆ ಇದೆ. ಎರಡು ಸಾವಿರದ ಅಗುಳಿಯಿಂದ ವರ್ಷವಿಡೀ ನಿದ್ದೆ ಬರೋದಾದರೆ ಅದು ಅಗ್ಗದ ವ್ಯಾಪಾರವೇ. ಒಂಟಿ ಮನೆಗೆ, ಒಂಟಿ ಹೆಂಗಸಿಗೆ, ಆಗಾಗ ಕಳ್ಳತನವಾಗುವ ಬಡಾವಣೆಗೆ ಲೆಕ್ಕವೂ ಬೇರೆಯೇ. ನನ್ನ ತಕರಾರು ಅಗುಳಿಯ ಮೇಲಲ್ಲ. ಎಂಟನೇ ಕ್ಯಾಮೆರಾ ಹಾಕಿಸುವ ಮೊದಲು, ಸಂಪಿನ ಮುಚ್ಚಳಕ್ಕೆ ಬೀಗ ಇದೆಯಾ ನೋಡಿಲ್ಲವಲ್ಲ ಅನ್ನೋದರ ಮೇಲೆ. ಎರಡು ವರ್ಷದ ಮಗುವಿಗೆ ಸಂಪಿನಷ್ಟು ಹತ್ತಿರದಲ್ಲಿ ಯಾವ ಕಳ್ಳನೂ ಇಲ್ಲ.

ಮನೆಗೆ ಲಕ್ಷಾಂತರ ಸುರಿದ ಅದೇ ಅಪ್ಪ-ಅಮ್ಮ ಬೆಳಿಗ್ಗೆ ಮಗುವನ್ನು ಸ್ಕೂಟರಿನ ಮುಂದೆ ನಿಲ್ಲಿಸ್ಕೊಂಡು ಸ್ಕೂಲಿಗೆ ಬಿಡ್ತಾರೆ, ತಾವು ಪೊಲೀಸರಿಗೆ ತೋರಿಸೋಕೆ ಅಂತ ನೂರೈವತ್ತು ರೂಪಾಯಿಯ ಅರ್ಧ ಹೆಲ್ಮೆಟ್ ಹಾಕಿರ್ತಾರೆ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ಹೆಲ್ಮೆಟ್ಟು, ಓಡಿಸುವವರಿಗೆ ಕಟ್ಟಿಕೊಳ್ಳುವ ಬೆಲ್ಟು, ವೇಗ ಗಂಟೆಗೆ 40 ಕಿಲೋಮೀಟರ್ ಒಳಗೆ ಅಂತ 2022ರಲ್ಲೇ ಕೇಂದ್ರದ ನಿಯಮ ಬಂದು 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಆ ಬೆಲ್ಟು ಹಾಕಿದ ಒಂದು ಮಗುವನ್ನು ನೀವು ನಮ್ಮ ರಸ್ತೆಯಲ್ಲಿ ನೋಡಿದ್ದೀರಾ?

ಆದ್ದರಿಂದ ನನ್ನದೊಂದು ಸಲಹೆ. ಮುಂದಿನ ಭಾನುವಾರ ಕಾಫಿ ಕುಡಿಯುವಾಗ ಒಂದು ಹಾಳೆ ತಗೊಳ್ಳಿ. ಎಡಗಡೆ, ಮನೆಯವರ ಕಾವಲಿಗೆ ಅಂತ ಇಲ್ಲೀವರೆಗೆ ಯಾವುದಕ್ಕೆ ಎಷ್ಟು ಖರ್ಚು ಮಾಡಿದೀರಿ ಅಂತ ಬರೀರಿ. ಬಲಗಡೆ, ಮನೆಯವರ ಪ್ರಾಣಕ್ಕೆ ನಿಜವಾಗಿ ಹತ್ತಿರದಲ್ಲಿರುವ ಅಪಾಯಗಳನ್ನು ಬರೀರಿ. ಗ್ಯಾಸಿನ ರಬ್ಬರ್ ಟ್ಯೂಬಿಗೆ ಐದು ವರ್ಷ ಆಯ್ತಾ? ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಮೇಲೆ ಒಂದು ಅಕ್ಷರ, ಒಂದು ಇಸವಿ ಬರೆದಿರುತ್ತೆ. ಎ ಅಂದರೆ ಆ ವರ್ಷದ ಮಾರ್ಚ್, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಆ ತಿಂಗಳು ದಾಟಿದ್ದರೆ ಸಿಲಿಂಡರಿನ ಪರೀಕ್ಷೆ ಬಾಕಿ ಅಂತ ಅರ್ಥ, ತಗೋಬೇಡಿ. ದುಡಿಯುವವರಿಗೆ ಟರ್ಮ್ ಪಾಲಿಸಿ ಇದೆಯಾ? ಮನೆಯಲ್ಲಿ ವಯಸ್ಸಾದವರು ರಾತ್ರಿ ಎದ್ದರೆ ಬಚ್ಚಲಿಗೆ ಹೋಗುವ ದಾರಿಯಲ್ಲಿ ಬೆಳಕಿದೆಯಾ? ಎರಡೂ ಪಟ್ಟಿಯ ನಡುವೆ ಗೆರೆ ಎಳೆದು ಯಾವುದಕ್ಕೆ ಯಾವುದು ಸೇರುತ್ತೆ ನೋಡಿ. ಬಲಗಡೆ ಯಾವ ಗೆರೆಯೂ ಮುಟ್ಟದೆ ಉಳಿದವು ಕಂಡರೆ ಅಲ್ಲಿಂದ ಶುರು ಮಾಡಿ. ಹೆಚ್ಚಿನವಕ್ಕೆ ಸಾವಿರಗಳ ಲೆಕ್ಕ ಸಾಕು, ಲಕ್ಷ ಬೇಕಾಗಲ್ಲ.

ನಿಮ್ಮನೆ ಹಾಳೆಯಲ್ಲಿ ಬಲಗಡೆ ಒಂಟಿಯಾಗಿ ಉಳಿದದ್ದು ಯಾವುದು ಅಂತ ನೀವೂ ಬರೀರಿ. ನಾನು ಹೇಳದೇ ಬಿಟ್ಟಿದ್ದು ಇನ್ನೂ ಬೇಕಾದಷ್ಟಿರಬಹುದು. ಓದಿ ನಮ್ಮನೆ ಪಟ್ಟಿಗೂ ಸೇರಿಸ್ಕೊತೀನಿ.